ತಾಳದ ಮೆಷಿನ್ ಆರಿಸಿದ್ದು ನಾನೇ

ಅಜ್ಜಿಗೆ ಮಂಡಿ ನೋವು, ಅದಕ್ಕೇ ಹಾಡಿನ ಗುಂಪು ಬಿಟ್ಟುಬಿಟ್ಟರು ಎಂದು ನಿಮಗೆ ಯಾರೋ ಹೇಳಿದ್ದಾರೆ, ಮಕ್ಕಳೇ. ಕಳೆದ ಸಲ ಬಂದಾಗ ನಿಮ್ಮಲ್ಲೊಬ್ಬಳು ನೋವಿನೆಣ್ಣೆ ತಂದಳು, ಇನ್ನೊಬ್ಬ ಮಂಡಿಗೆ ಹಾಕುವ ಬಿಗಿಪಟ್ಟಿ ತಂದ. ಎರಡನ್ನೂ ತೆಗೆದುಕೊಂಡು ಬೀರುವಿನಲ್ಲಿಟ್ಟೆ. ನನ್ನ ಮಂಡಿಗೆ ಏನೂ ಆಗಿಲ್ಲ. ಅತ್ತಿಗುಪ್ಪೆ ಮೆಟ್ರೋ ಮೆಟ್ಟಿಲನ್ನು ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದುಕೊಂಡೇ ಹತ್ತುತ್ತೇನೆ. ಆ ಮಾತು ಹಬ್ಬಿಸಿದವರು ನಮ್ಮ ಗುಂಪಿನ ಮೇಡಂ. ಅದು ಸುಳ್ಳು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬಾಯಿ ಬರದಿರುವುದು ನನ್ನ ಹಳೆಯ ರೋಗ. ಮಾಗಡಿ ಕಡೆಯ ನಮ್ಮೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೂ ಹಾಜರಿ ಕೂಗಿದಾಗ ದನಿ ಹೊರಡದೆ ಕೈ ಎತ್ತುತ್ತಿದ್ದವಳು ನಾನು. ಬರೆಯುವುದಾದರೆ ಪರವಾಗಿಲ್ಲ, ಕಾಗದ ನನ್ನ ಮುಖ ನೋಡುವುದಿಲ್ಲ.

ಗುಂಪಿನಲ್ಲಿ ನಾವು ಏಳು ಜನ ಹೆಂಗಸರು. ಆರ್‌ಪಿಸಿ ಲೇಔಟಿನಲ್ಲಿ ಮೇಡಂ ಮನೆಯ ಮಹಡಿಯ ಮೇಲೆ ಪ್ರತಿ ಗುರುವಾರ ಅಭ್ಯಾಸ. ಮೇಡಂ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು, ಗುಂಪು ಕಟ್ಟಿದವರೂ ಅವರೇ. ದೇವಸ್ಥಾನಗಳಲ್ಲಿ ಭಜನೆ ಮಾಡುತ್ತಿದ್ದೆವು. ಮನೆಗಳಿಗೆ ಕರೆದರೆ ಸೀಮಂತಕ್ಕೆ, ನಾಮಕರಣಕ್ಕೆ ಹೋಗಿ ಸೋಬಾನೆ ಹಾಡುತ್ತಿದ್ದೆವು. ಹುಟ್ಟಿನಿಂದ ಯಾರೂ ಮೇಲಲ್ಲ, ಯಾರೂ ಕೀಳಲ್ಲ ಎನ್ನುವ ಅರ್ಥದ ವಚನಗಳನ್ನು ಮೇಡಂ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದರು. ಎತ್ತರದ ದನಿ ನಮ್ಮ ಪಕ್ಕದ ಬೀದಿಯ ಟೈಲರಮ್ಮನದು. ಬ್ಲೌಸ್ ಹೊಲಿಯುತ್ತಾಳೆ, ಬಾಯಿ ಜೋರು, ನನಗೆ ಬಹಳ ವರ್ಷದ ಸ್ನೇಹಿತೆ.

ಆರು ಜನ ಹಾಡುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ದಮ್ಮಡಿ ಬಾರಿಸುತ್ತಿದ್ದೆ. ನನ್ನ ಮಂಚದ ತಲೆದೆಸೆಯ ಗೋಡೆಗೆ ನೇತು ಹಾಕಿರುವ ಊಟದ ತಟ್ಟೆಯಷ್ಟಗಲದ ಚರ್ಮದ ವಾದ್ಯ ನೋಡಿದ್ದೀರಲ್ಲ, ಅದೇ. ನನ್ನ ಸೋದರತ್ತೆ ಕಲಿಸಿದ್ದು. ಎತ್ತಿ ಹಿಡಿದರೆ ಅರ್ಧ ಮುಖ ಮುಚ್ಚುತ್ತದೆ, ನಾಚಿಕೆಯವರಿಗೆ ಅದಕ್ಕಿಂತ ಅನುಕೂಲದ ವಾದ್ಯ ಬೇರೆ ಇಲ್ಲ. ಹಾಡುವವರು ಉಸಿರೆಳೆದುಕೊಳ್ಳುವಾಗ ಗಂಟಲ ಕೆಳಗಿನ ಗುಳಿ ಒಳಕ್ಕೆ ಹೋಗುತ್ತದೆ. ಬಾರಿಸುವವರು ಅದನ್ನು ನೋಡುತ್ತಿರಬೇಕು. ಅವರಿಗೆ ಉಸಿರು ಸಿಗುವಷ್ಟು ಹೊತ್ತು ಮೂರನೆಯ ಏಟನ್ನು ತಡೆದು ಹಾಕಬೇಕು. ತಡೆದದ್ದು ಯಾರಿಗೂ ಗೊತ್ತಾಗಬಾರದು. ನಾನು ಅವಸರ ಮಾಡಿದಾಗಲೆಲ್ಲ ಸೋದರತ್ತೆ ನನ್ನ ತೊಡೆಯ ಮೇಲೆ ಹೊಡೆಯುತ್ತಿದ್ದರು. ಮೂರು ವರ್ಷ ಹೊಡೆಸಿಕೊಂಡ ಮೇಲೆ ಅದು ಬಂತು.

ನಿಮ್ಮ ತಾತ ಹೋದ ಮೇಲೆ ಒಂದು ವರ್ಷ ನಾನು ಎಲ್ಲಿಗೂ ಹೋಗಲಿಲ್ಲ. ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ ಮೇಡಂ ಮತ್ತು ಟೈಲರಮ್ಮ ಮನೆಗೆ ಬಂದರು. ಕಾಫಿ ಕೊಟ್ಟೆ. ಮೇಡಂ ನನ್ನ ಕೈ ಹಿಡಿದುಕೊಂಡರು.

"ದೇವಸ್ಥಾನದ ಭಜನೆಗೆ ನೀವು ಬರ್ಲೇಬೇಕು. ನಿಮ್ಮ ಜಾಗ ಹಾಗೇ ಇಟ್ಟಿದೀವಿ."

ನಾನು ತಲೆಯಾಡಿಸಿದೆ.

"ಈ ಸೀಮಂತ, ನಾಮಕರಣ ಮಾತ್ರ... ನೋಡಿ, ನಂಗೇನೂ ಇಲ್ಲ. ನಾನು ಇದನ್ನೆಲ್ಲ ನಂಬೋಳೂ ಅಲ್ಲ. ಆದ್ರೆ ಕರ್ಸೋರ ಮನೇಲಿ ಯಾರಾದ್ರೂ ಒಂದ್ ಮಾತು ಅಂದ್ಬಿಟ್ರೆ ನಿಮ್ಮ ಮನಸ್ಸಿಗೆ ನೋವಾಗುತ್ತಲ್ಲ, ಅದನ್ನ ನನ್ನಿಂದ ನೋಡಕ್ಕಾಗಲ್ಲ."

ಯಾರೂ ಇನ್ನೂ ಏನೂ ಅಂದಿರಲಿಲ್ಲ. ಆ ಮಾತನ್ನು ಮೊದಲು ಅಂದವರು ಅವರೇ, ಅದೂ ನನ್ನ ಕೈ ಸವರುತ್ತಾ. ಟೈಲರಮ್ಮ ಕಾಫಿ ಲೋಟದ ಒಳಗೆ ನೋಡುತ್ತಾ ಕೂತಿದ್ದಳು. ಬೀದಿಯಲ್ಲಿ ಸೊಪ್ಪಿನವನ ಜೊತೆ ಅರ್ಧ ಗಂಟೆ ಜಗಳವಾಡಬಲ್ಲ ಹೆಂಗಸು ಅವಳು.

"ಆದ್ರೆ ನೀವಿಲ್ದೆ ತಾಳ ಇಲ್ಲ," ಎಂದು ಮೇಡಂ ಮುಂದುವರಿಸಿದರು. "ಒಬ್ರು ತಬಲಾದೋರನ್ನ ಕರ್ಸಿ ನೋಡಿದ್ವಿ. ಸೀಮಂತನೋ ಆರ್ಕೆಸ್ಟ್ರಾನೋ ಗೊತ್ತಾಗ್ಲಿಲ್ಲ. ಈಗ ಚಿಕ್ಕ ಮೆಷಿನ್ ಬರುತ್ತಂತೆ, ಚೀಲದಲ್ಲಿ ಹಾಕ್ಕೊಂಡು ಹೋಗ್ಬಹುದು. ನಾವು ಬಾರ್ಸಿದ್ದನ್ನ ಹಿಡಿದಿಟ್ಕೊಂಡು ಮತ್ತೆ ಮತ್ತೆ ಬಾರ್ಸುತ್ತಂತೆ. ಗುಂಪಿನ ದುಡ್ಡಲ್ಲೇ ತಗೊಳ್ಳೋಣ. ಯಾವ್ದು ಅಂತ ನೀವೇ ಆರ್ಸಿ. ನಿಮ್ಮ ಕೈ ಅದ್ರೊಳಗೆ ಹಾಕ್ಕೊಟ್ಬಿಡಿ. ಆಗ ನೀವೇ ಬಂದ ಹಾಗಾಯ್ತಲ್ವಾ?"

ಅವರು ಹೇಳಿದ್ದು ಏನೆಂದು ಯೋಚಿಸಿ ನೋಡಿ, ಮಕ್ಕಳೇ. ನನ್ನ ಕೈ ಬಸುರಿಯ ಎದುರು ಬಾರಿಸಬಹುದು. ಆ ಕೈಗೆ ಅಂಟಿಕೊಂಡಿರುವ ನಾನು ಆ ಮನೆಯ ಹೊಸಿಲು ದಾಟಬಾರದು. ರಬ್ಬರಿನ ಗುಂಡಿಗಳಿರುವ ಒಂದು ಡಬ್ಬಿಯೊಳಗೆ ಹೋಗಿ ಬಂದರೆ ನನ್ನ ಏಟಿಗೆ ಮೈಲಿಗೆ ಕಳೆಯುತ್ತದೆ. ಇಷ್ಟು ಓದಿದವರು ಇದನ್ನು ಯೋಚಿಸಿ, ಮಾತು ಕೂಡಿಸಿಕೊಂಡು, ಮಧ್ಯಾಹ್ನದ ಬಿಸಿಲಲ್ಲಿ ನಡೆದು ಬಂದು ನನಗೆ ಹೇಳಿದರು.

ನಾನು ಏನೆಂದೆ ಗೊತ್ತೇ? "ಆಗ್ಲಿ ಮೇಡಂ" ಎಂದೆ. ಎಂದು ಒಳಗೆ ಹೋಗಿ ಇನ್ನೊಂದು ಸಲ ಕಾಫಿ ಮಾಡಿಕೊಂಡು ಬಂದೆ. ಆ ಎರಡನೆಯ ಕಾಫಿಯನ್ನು ನೆನೆಸಿಕೊಂಡರೆ ಈಗಲೂ ಅವರಿಗಿಂತ ನನ್ನ ಮೇಲೆಯೇ ಹೆಚ್ಚು ಹೇಸಿಗೆಯಾಗುತ್ತದೆ.

ಮುಂದಿನ ವಾರ ರಾಜಾಜಿನಗರದ ಒಂದು ವಾದ್ಯದ ಅಂಗಡಿಗೆ ಆಟೋದಲ್ಲಿ ಹೋದೆವು, ಮೇಡಂ ಮತ್ತು ನಾನು. ಎಸಿ ಹಾಕಿದ ಅಂಗಡಿ, ಗೋಡೆ ತುಂಬ ಗಿಟಾರು. ಕಿವಿಗೆ ಓಲೆ ಹಾಕಿದ್ದ ಮಾರಾಟದವನು ಏನನ್ನೋ ಅಗಿಯುತ್ತಾ ಬಂದ. ಅಗಿಯುವುದನ್ನು ಕೊನೆಯವರೆಗೂ ನಿಲ್ಲಿಸಲಿಲ್ಲ.

"ಯಾರಿಗೆ ಆಂಟಿ? ಮೊಮ್ಮಗ ಬ್ಯಾಂಡ್ ಶುರು ಮಾಡಿದ್ನಾ?"

"ಇವ್ರಿಗೇ ಕಣಪ್ಪ," ಎಂದರು ಮೇಡಂ, ನನ್ನ ಬೆನ್ನು ಮುಂದಕ್ಕೆ ನೂಕುತ್ತಾ.

ಬಿಲ್ಲು ಬರೆಯುತ್ತಿದ್ದ ಇನ್ನೊಬ್ಬ ತಲೆಯೆತ್ತಿದ. "ಮಗಾ, ನಿನ್ ಡಿಜೆ ಕೆಲ್ಸ ಹೋಯ್ತು ನೋಡು."

ನನ್ನ ಕಿವಿ ಬಿಸಿಯಾಯಿತು. ನೆಲ ನೋಡುತ್ತಾ ನಿಂತೆ.

ಮೊದಲು ಒಂದು ದಪ್ಪ ಪೆಟ್ಟಿಗೆ ತಂದಿಟ್ಟ. ಕರೆಂಟಿಗೆ ಚುಚ್ಚಬೇಕು, ಎರಡು ತಿರುಗಣೆ, ಒಳಗೆ ತಬಲಾ. ಐದು ಕೇಜಿ ಹಿಟ್ಟಿನ ಚೀಲದಷ್ಟು ಭಾರ. ತಬಲಾದ ಸದ್ದು ಯಾರೋ ಬಾಯಿಗೆ ಬಟ್ಟೆ ಅಡ್ಡ ಹಿಡಿದು ಕೆಮ್ಮಿದ ಹಾಗಿತ್ತು. ಬಸ್ಸು ಹತ್ತಿ ಇಳಿಯುವವರಿಗೆ ಅದಾಗುವುದಿಲ್ಲ ಎಂದು ಕೈಯಾಡಿಸಿದೆ.

ಎರಡನೆಯದು ಅಂಗೈಯಗಲ, ಕ್ಯಾಲ್ಕುಲೇಟರಿನ ಹಾಗೆ. ಅದಕ್ಕೆ ಮೈಮೇಲೆ ಕವಚವೇ ಇಲ್ಲ. ಒಳಗಿನ ತಗಡು, ಬೆಸುಗೆ, ತಂತಿಯ ಮೊನೆ ಎಲ್ಲ ಹೊರಗೇ ಕಾಣುತ್ತವೆ. "ಇದೇ ಸ್ಟೈಲ್ ಆಂಟಿ, ಜೇಬಲ್ಲಿಟ್ಕೊಂಡು ಎಲ್ಲಿ ಬೇಕಾದ್ರೂ ಬೀಟ್ ಮಾಡ್ಬಹುದು," ಎಂದ. ನನಗೆ ಕಂಡದ್ದು ಯಾವುದೋ ಪ್ರಾಣಿಯ ಚರ್ಮ ಸುಲಿದು ಹಲಗೆಯ ಮೇಲಿಟ್ಟ ಹಾಗೆ. ಗುಂಡಿಗಳು ಮೆಣಸಿನ ಕಾಳಿನಷ್ಟು. ಪಾತ್ರೆ ತಿಕ್ಕಿದ ಬೆರಳು ಒಂದು ಒತ್ತಲು ಹೋಗಿ ಮೂರು ಒತ್ತುತ್ತದೆ. ಮೇಡಂಗೆ ಅದೇ ಮೆಚ್ಚಿಗೆಯಾಗಿತ್ತು. "ಪುಟ್ಟದು, ಕುಂಕುಮದ ಭರಣಿ ಜೊತೇಲೇ ಇಟ್ಕೋಬಹುದು," ಎಂದರು.

ಮೂರನೆಯದು ಊಟದ ಡಬ್ಬಿಯಷ್ಟು. ಮೇಲೆ ನಾಲ್ಕು ಸಾಲಿನಲ್ಲಿ ಹದಿನಾರು ರಬ್ಬರು ಚೌಕ, ಪಕ್ಕದಲ್ಲಿ ಚಿಕ್ಕ ಪರದೆ. ಬಂದವರೆಲ್ಲ ಒತ್ತಿ ನೋಡಿ ಹೋಗಿದ್ದರಿಂದ ರಬ್ಬರು ಜಿಡ್ಡುಗಟ್ಟಿತ್ತು, ಹಳೆಯ ಕುಕ್ಕರಿನ ಗ್ಯಾಸ್ಕೆಟ್ಟಿನ ವಾಸನೆ ಬರುತ್ತಿತ್ತು. ಕಿವಿಗೆ ಹಾಕಿಕೊಳ್ಳಲು ಕೊಟ್ಟ ಹೆಡ್‌ಫೋನಿನ ಮೆತ್ತೆಯಲ್ಲಿ ಯಾರದೋ ತಲೆಯ ಎಣ್ಣೆ. ಸೆರಗಿನಿಂದ ಎರಡು ಸಲ ಒರೆಸಿ ಹಾಕಿಕೊಂಡೆ.

"ಒತ್ತಿ ಆಂಟಿ, ಹೆದರ್ಬೇಡಿ, ಕಚ್ಚಲ್ಲ."

ಒಂದನ್ನು ಒತ್ತಿದೆ. ಚಪ್ಪಾಳೆ. ಮತ್ತೆ ಒತ್ತಿದೆ. ಮತ್ತೆ ಅದೇ ಚಪ್ಪಾಳೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಲ್ಲೋ ಯಾರೋ ಒಬ್ಬರು ಒಮ್ಮೆ ತಟ್ಟಿದ್ದನ್ನು ಅವರಿಂದ ಬಿಡಿಸಿಕೊಂಡು ಡಬ್ಬಿಗೆ ತುಂಬಿದ್ದಾರೆ. ಆ ಕೈ ಯಾರದು, ಗಂಡಸಿನದೋ ಹೆಂಗಸಿನದೋ, ಬದುಕಿದ್ದಾರೋ ಇಲ್ಲವೋ. ಬೆರಳನ್ನು ಸೀರೆಗೆ ಒರೆಸಿಕೊಂಡೆ.

ಆದರೂ ಆರಿಸಲು ಬಂದವಳು ಆರಿಸಬೇಕಲ್ಲ. ಆವತ್ತು ನಾನು ಅಂಗಡಿಯಲ್ಲಿ ಮೊದಲ ಮಾತಾಡಿದೆ. "ಮೆತ್ತಗೆ ಒತ್ತಿದ್ರೆ ಮೆತ್ತಗೆ ಬರುತ್ತಾ?"

ಅವನ ಮುಖ ಬದಲಾಯಿತು. "ಬರುತ್ತೆ. ಇದ್ರಲ್ಲಿ ಮಾತ್ರ ಬರುತ್ತೆ. ಆ ಚಿಕ್ಕದ್ರಲ್ಲಿ ಬರಲ್ಲ."

"ನಮ್ಮ ವಾದ್ಯದ ಸದ್ದು ಹಿಡ್ಕೊಳುತ್ತಾ?"

"ಮೈಕ್ ಇದೆ. ಇಲ್ಲಿ ಒತ್ಕೊಂಡು ಬಾರ್ಸಿದ್ರೆ ಆಯ್ತು. ಬ್ಯಾಟರಿನೂ ಇದೆ, ಕೆಂಗೇರಿಗೆ ಹೋಗಿ ಬಂದು ಮಾಡಿದ್ರೂ ಮುಗಿಯಲ್ಲ."

ರಬ್ಬರಿನ ಮೇಲೆ ನಾಲ್ಕು ಏಟಿನ ಸೋಬಾನೆ ತಾಳ ಬಾರಿಸಿ ತೋರಿಸಿದೆ. ಪರದೆಯಲ್ಲಿ ಚುಕ್ಕಿಗಳು ಮೂಡಿದವು. ಅವನು ಬಗ್ಗಿ ನೋಡಿದ. "ಆಂಟಿ, ಮೂರನೇದು ಲೇಟಾಗಿ ಬೀಳ್ತಿದೆ. ಇದನ್ನ ಆನ್ ಮಾಡಿದ್ರೆ ಮೆಷಿನ್ನೇ ಸರಿ ಮಾಡ್ಕೊಳುತ್ತೆ." ನಾನು ಬೇಡ ಅನ್ನುವುದರೊಳಗೆ ಒತ್ತಿಯೂ ಬಿಟ್ಟ. ನನ್ನ ತಾಳ ಒಂದೇ ಅಳತೆಗೆ ಹೆಚ್ಚಿದ ಬೆಂಡೆಕಾಯಿಯ ಹಾಗೆ ಬರತೊಡಗಿತು.

"ಅದು ತಪ್ಪಲ್ಲಪ್ಪ. ಬೇಕು ಅಂತಲೇ ತಡ."

"ಓ, ಸ್ವಿಂಗಾ! ಮೊದ್ಲೇ ಹೇಳ್ಬಾರ್ದಾ?" ಎಂದು ಒಂದು ತಿರುಗಣೆಯನ್ನು ಸ್ವಲ್ಪ ತಿರುಗಿಸಿದ. ಏಟು ಬಂದು ತನ್ನ ಜಾಗದಲ್ಲಿ ಕೂತಿತು. ಸೋದರತ್ತೆ ತೊಡೆಗೆ ಹೊಡೆದು ಹೊಡೆದು ಮೂರು ವರ್ಷ ಕಲಿಸಿದ್ದು ಅಲ್ಲಿ ಕಾಲು ಸುತ್ತಿನ ಕೆಲಸವಾಗಿತ್ತು. ನನಗೆ ಒಂದು ಕಡೆ ಓಕರಿಕೆ, ಇನ್ನೊಂದು ಕಡೆ, ಸುಳ್ಳು ಹೇಳುವುದಿಲ್ಲ, ಸಂತೋಷ. ಕೈ ತಾನಾಗಿಯೇ ಮತ್ತೆ ರಬ್ಬರಿನ ಮೇಲೆ ಹೋಯಿತು.

"ಇದೇ ಇರ್ಲಿ," ಎಂದೆ.

"ನೋಡಿದ್ರಾ ನಮ್ಮವ್ರ ಆಯ್ಕೆ!" ಎಂದು ಮೇಡಂ ಎಲ್ಲರೆದುರು ನನ್ನ ಹೆಗಲು ತಬ್ಬಿದರು. ಅಂಗಡಿಯಲ್ಲಿ ನನ್ನನ್ನು ಮುಟ್ಟಲು ಅವರಿಗೆ ಏನೂ ಅಡ್ಡಿಯಿರಲಿಲ್ಲ.

ನಿಮ್ಮಲ್ಲಿ ದೊಡ್ಡವಳು ಮೊಬೈಲಿನಲ್ಲಿ ವೀಡಿಯೊ ಹಾಕಿ ತೋರಿಸಿ ಆ ಮೆಷಿನ್ ನಡೆಸುವುದು ಹೇಗೆಂದು ಎರಡು ಭಾನುವಾರ ಹೇಳಿಕೊಟ್ಟಳು. ಯಾಕೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ದಮ್ಮಡಿಯನ್ನು ಸ್ಟವ್ ಮೇಲೆ ಹಿಡಿದು ಬಿಸಿ ಮಾಡಿ, ಫ್ಯಾನು ಆರಿಸಿ, ಒಂದೊಂದೇ ಏಟನ್ನು ಒಂದೊಂದು ಚೌಕಕ್ಕೆ ತುಂಬಿದೆ. ಅಂಗೈಯ ಏಟು, ಬೆರಳ ತುದಿಯ ಏಟು, ಅಂಚಿನ ಏಟು, ಒದ್ದೆ ಹೆಬ್ಬೆರಳನ್ನು ಚರ್ಮದ ಮೇಲೆ ಎಳೆದರೆ ಬರುವ ಗುಯ್ ಎನ್ನುವ ಸದ್ದು. ಎಂಟು ಹಾಡಿಗೆ ಎಂಟು ತಾಳ. ಹದಿನಾರು ಚೌಕಗಳ ಕೆಳಗೆ ಕೆಂಪು ದೀಪ ಒಂದರಿಂದ ಒಂದಕ್ಕೆ ಓಡುತ್ತದೆ, ಕೊನೆ ಮುಟ್ಟಿ ಮತ್ತೆ ಮೊದಲಿಗೆ ಬರುತ್ತದೆ. ಮೆಟ್ರೋದಲ್ಲಿ ತೊಡೆಯ ಮೇಲಿಟ್ಟುಕೊಂಡು, ಕಿವಿಗೆ ತಂತಿ ಹಾಕಿಕೊಂಡು, ಸೆರಗು ಮುಚ್ಚಿ ತಿದ್ದುತ್ತಿದ್ದೆ. ಒಂದು ಸಲ ರಾಜರಾಜೇಶ್ವರಿನಗರದಲ್ಲಿ ಇಳಿಯಬೇಕಾದವಳು ಎರಡು ಸ್ಟೇಷನ್ ಮುಂದೆ ಹೋಗಿಬಿಟ್ಟೆ. ಇಷ್ಟು ಚೆನ್ನಾಗಿ ಮಾಡಿಕೊಡುತ್ತಿದ್ದೆ ನೋಡಿ, ನನ್ನನ್ನೇ ಹೊರಗಿಡುವ ಕೆಲಸವನ್ನು.

ಬಸವೇಶ್ವರನಗರದ ಒಂದು ಸೀಮಂತಕ್ಕೆ ಅದನ್ನು ಮೊದಲು ತೆಗೆದುಕೊಂಡು ಹೋದರು. ನಾನು ಮನೆಯಲ್ಲಿ ಅವರೆಕಾಳು ಬಿಡಿಸುತ್ತಾ ಕೂತಿದ್ದೆ. ಸಾಯಂಕಾಲ ಟೈಲರಮ್ಮ ಬಂದು ಗೋಡೆಗೊರಗಿ ನಕ್ಕಳು.

"ಅಯ್ಯೋ, ಕೇಳ್ಬೇಡಿ ಕಣ್ರೀ. ಮೇಡಂ ಉಸಿರು ತಗೊಳ್ಳಕ್ಕೆ ನಿಂತ್ರು, ಮೆಷಿನ್ ನಿಲ್ಲಬೇಕಲ್ಲ! ಬಸ್ಸು ಮಿಸ್ಸಾದೋರ ಥರ ಎಲ್ರೂ ಅದ್ರ ಹಿಂದೆ ಓಡಿದ್ದೇ ಓಡಿದ್ದು. ಕೊನೇ ಹಾಡಲ್ಲಿ ನಾನು ಮುಗ್ಸಿದೀನಿ, ಮೇಡಂ ಮಧ್ಯದಲ್ಲಿದಾರೆ, ಅದು ತನ್ ಪಾಡಿಗೆ ಟಕ ಟಕ ಅಂತಿದೆ. ಬಸುರಿ ಹುಡುಗಿ ನಕ್ಕೂ ನಕ್ಕೂ ಸುಸ್ತಾದ್ಲು."

ನನಗೂ ನಗು ಬಂತು. ಆ ನಗು ಮುಗಿಯುವ ಮೊದಲೇ ಅವಳು ಹೇಳಿದಳು, "ಮುಂದಿನ ವಾರ ಕೆಂಗೇರಿದು. ನೀವು ಬರ್ಬೇಕಂತೆ. ಮೆಷಿನ್ ನಡ್ಸಕ್ಕೆ."

"ನಾನಾ? ಸೀಮಂತಕ್ಕಾ?"

"ಒಳಗಲ್ಲ..." ಎಂದಳು. ಸೆರಗಿನ ತುದಿ ಸುತ್ತುತ್ತಾ ಹೇಳಿದಳು, "ಅಡಿಗೆಮನೆ ಹಿಂದೆ ಯುಟಿಲಿಟಿ ಇರುತ್ತಲ್ಲ, ಅಲ್ಲಿ. ಉದ್ದ ವೈರು ತಗೊಂಡಿದಾರೆ ಮೇಡಂ. ನೀವಲ್ಲಿ ಕೂತ್ಕೊಂಡು ಒತ್ತಿದ್ರೆ ಹಾಲಲ್ಲಿರೋ ಸ್ಪೀಕರಲ್ಲಿ ಸದ್ದು ಬರುತ್ತೆ. ಯಾರಿಗೂ ಗೊತ್ತಾಗಲ್ಲ. ಹಂಗೆಲ್ಲ ನೋಡ್ಬೇಡಿ ನನ್ನ. ನಾನೇನ್ ಮಾಡ್ಲಿ?"

ನಾನು ಹೋದೆ. ಯಾಕೆ ಹೋದೆ ಎಂದು ನೀವು ಕೇಳಿದರೆ ಇಷ್ಟೇ ಉತ್ತರ: ಸೋಬಾನೆಗೆ ಬಾರಿಸದೆ ಒಂದು ವರ್ಷದ ಮೇಲಾಗಿತ್ತು. ಯಾವ ಮೂಲೆಯಾದರೂ ಸರಿ, ಹಾಡಿನ ಜೊತೆಗೆ ಇರಬೇಕು ಅನ್ನಿಸಿತ್ತು.

ಕೆಂಗೇರಿಯ ಹೊಸ ಅಪಾರ್ಟ್‌ಮೆಂಟು, ಐದನೇ ಮಹಡಿ. ಮನೆಯವರು ಇನ್ನೂ ಬಳೆ ಜೋಡಿಸುತ್ತಿದ್ದಾಗ, ಬೆಳಿಗ್ಗೆಯೇ, ಮೇಡಂ ನನ್ನನ್ನು ಹಿಂದಕ್ಕೆ ಕರೆದುಕೊಂಡು ಹೋದರು. "ಸೌಂಡ್ ನೋಡ್ಕೊಳ್ಳೋರು," ಎಂದು ಮನೆಯ ಯಜಮಾನಿಗೆ ಹೇಳಿದರು. ಯಜಮಾನಿ ನನ್ನ ಬೋಳು ಹಣೆ ನೋಡಿ, ಸರಿ ಎಂದು ದಾರಿ ಬಿಟ್ಟರು. ಯುಟಿಲಿಟಿ ಎಂದರೆ ಗ್ರಿಲ್ಲು ಹಾಕಿದ ಒಂದು ಗೂಡು. ವಾಷಿಂಗ್ ಮೆಷಿನ್, ಬಕೆಟ್ಟಿನಲ್ಲಿ ನೆನೆಹಾಕಿದ ಕಾಲೊರೆಸು, ಗೋಡೆಗೊರಗಿಸಿದ ಪೊರಕೆಗಳು, ಮುಸುರೆ ಡಬ್ಬಿ. ಆರಿದ ಸೋಪಿನ ನೀರಿನ ವಾಸನೆ. ಅಲ್ಲಿ ಒಬ್ಬ ಮುದುಕಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದರು. ನಾನು ಕೆಲಸದವರೆಂದುಕೊಂಡೆ. ಆದರೆ ಉಟ್ಟಿದ್ದದ್ದು ಒಳ್ಳೆಯ ಇಳಕಲ್ ಸೀರೆ.

ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ನಿಮ್ಮನ್ನೂ ಇಲ್ಲೇ ಕೂಡಿಸ್ಯಾರೇನ್ರಿ?"

ನಾನು ಹೂಂ ಎಂದೆ. ಇನ್ನೊಂದು ಬಕೆಟ್ಟನ್ನು ಬೋರಲು ಹಾಕಿ ಕೂತು, ಮೆಷಿನ್ನನ್ನು ವಾಷಿಂಗ್ ಮೆಷಿನ್ನಿನ ಮೇಲಿಟ್ಟೆ.

ಅವರು ಆ ಬಸುರಿಯ ಅಜ್ಜಿ, ತಾಯಿಯ ತಾಯಿ. ಹಾವೇರಿ ಕಡೆಯಿಂದ ಹಿಂದಿನ ದಿನ ಬಂದಿದ್ದರು, ಮೊಮ್ಮಗಳಿಗೆ ಸೀರೆ ತಂದಿದ್ದರು. ಸೀರೆ ಮುಂದಿನ ಹಾಲ್‌ಗೆ ಹೋಗಿತ್ತು.

"ಯಾರೂ ಏನೂ ಅಂದಿಲ್ರಿ," ಎಂದರು. "ನಾನೇ ಬಂದು ಕುಂತೀನಿ. ಅವ್ರು ಅನ್ನೂಕಿಂತ ಮೊದ್ಲ ಎದ್ದು ಬಂದ್ರ ನಮಗ ಮರ್ಯಾದಿ. ನೀವೇನು, ಆಕಾಶವಾಣಿ ಹಚ್ಚೂರೇನು?"

ಹಾಡು ಶುರುವಾಯಿತು. ಬಾಗಿಲನ್ನು ಮುಂದೆ ಮಾಡಿದ್ದರು, ಒಂದು ಬೆರಳು ಸಂದು ಮಾತ್ರ. ಅದರಲ್ಲಿ ಫ್ರಿಜ್ಜಿನ ಬದಿ ಕಾಣುತ್ತಿತ್ತು, ಯಾರ ಗಂಟಲೂ ಕಾಣುತ್ತಿರಲಿಲ್ಲ. ಕಿವಿಯಲ್ಲೇ ಉಸಿರು ಹುಡುಕಿಕೊಂಡು, ಓಡುವ ದೀಪವನ್ನು ಬಿಟ್ಟು, ಚೌಕಗಳನ್ನು ಬೆರಳಿನಿಂದಲೇ ಬಾರಿಸಿದೆ. ಮೇಡಂ ನಿಂತಾಗ ನಿಂತೆ. ಟೈಲರಮ್ಮ ಎಳೆದಾಗ ಎಳೆದೆ. ಮುದುಕಿ ಸುಮ್ಮನೆ ಕೇಳುತ್ತಿದ್ದವರು ನಿಧಾನವಾಗಿ ಗೋಡೆಗೆ ಬೆರಳು ತಟ್ಟತೊಡಗಿದರು. ಮೂರನೆಯ ಏಟನ್ನು ಅವರೂ ತಡೆದು ಹಾಕುತ್ತಿದ್ದರು.

ಎರಡು ಹಾಡು ಮುಗಿದವು. ಸಂದಿನಿಂದ ಯಜಮಾನಿಯ ದನಿ ಬಂತು. "ಎಷ್ಟ್ ಚೆನ್ನಾಗಿದೆ ಮೇಡಂ ಮೆಷಿನ್ನು! ಯಾರೋ ಕೂತು ಬಾರಿಸ್ದಂಗೇ ಇದೆ."

"ಈಗೆಲ್ಲ ಟೆಕ್ನಾಲಜಿ ಕಣಮ್ಮ," ಎಂದರು ಮೇಡಂ. "ನಾವೇ ಎಲ್ಲ ಸೆಟ್ ಮಾಡಿದ್ದು. ಮನುಷ್ಯರ ತಾಪತ್ರಯಾನೇ ಇಲ್ಲ."

ಎಲ್ಲರೂ ನಕ್ಕರು. ಆ ನಗುವಿನಲ್ಲಿ ಟೈಲರಮ್ಮನ ದನಿಯೂ ಇತ್ತು, ಅದನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಕಾಲೊರೆಸಿನ ಬಕೆಟ್ಟಿನ ವಾಸನೆ ಒಮ್ಮೆಲೇ ಗಂಟಲಿಗೆ ಬಂತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಮೂರನೆಯ ಹಾಡಿಗೆ ಅವರು ಸಿದ್ಧರಾದರು. ನಾನು ಒತ್ತಲಿಲ್ಲ. ಹೊರಗೆ ಯಾರೋ ಕೆಮ್ಮಿದರು. ಆಮೇಲೆ ಮೇಡಂ ಬಾಗಿಲು ತಳ್ಳಿಕೊಂಡು ಬಂದರು.

"ಏನಾಯ್ತ್ರೀ? ಚಾರ್ಜ್ ಹೋಯ್ತಾ?"

"ಚಾರ್ಜಿದೆ ಮೇಡಂ."

"ಮತ್ತೆ?"

"ಹಾಲಲ್ಲಿ ಕೂತು ಬಾರಿಸ್ತೀನಿ." ನನ್ನ ದನಿ ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗಿತ್ತು. ಆದರೆ ಅವರಿಗೆ ಕೇಳಿಸಿತು.

"ಈಗ್ಲಾ? ಹುಡುಗಿನ ಹಸೆಮಣೆ ಮೇಲೆ ಕೂರ್ಸಿದಾರೆ. ಸ್ವಲ್ಪ ಅರ್ಥ ಮಾಡ್ಕೊಳ್ಳಿ. ಮನೇಗೆ ಹೋದ್ಮೇಲೆ ಕೂತು ಮಾತಾಡೋಣ."

"ನಾನು ಹಾಲಿಗೆ ಬರೋದು ಬೇಡ್ವಾ?"

ಅವರು ಮುದುಕಿಯನ್ನು ನೋಡಿದರು, ನನ್ನನ್ನು ನೋಡಿದರು. ತಗ್ಗಿದ ದನಿಯಲ್ಲಿ, "ಇದು ನನ್ನ ಮನೆ ಅಲ್ವಲ್ರೀ," ಎಂದರು.

ನಾನು ಮೆಷಿನ್ನಿನ ಕಡೆ ತಿರುಗಿದೆ. ಒಂದೊಂದು ತಾಳವನ್ನು ತೆಗೆದು ಅಳಿಸುತ್ತಾ ಹೋದೆ. ಪ್ರತಿಯೊಂದಕ್ಕೂ ಅದು ನಿಜವಾಗಿಯೂ ಬೇಡವೇ ಎಂದು ಕೇಳಿತು. ಎಂಟು ಸಲ ಕೇಳಿತು, ಎಂಟು ಸಲವೂ ಬೇಡ ಎಂದೆ. ಆಮೇಲೆ ನನ್ನ ದಮ್ಮಡಿಯ ಸದ್ದುಗಳನ್ನೂ ಅಳಿಸಿದೆ. ಮೇಡಂಗೆ ನಾನೇನು ಮಾಡುತ್ತಿದ್ದೇನೆಂದು ತಿಳಿಯಲಿಲ್ಲ. ಸರಿ ಮಾಡುತ್ತಿದ್ದೇನೆ ಅಂದುಕೊಂಡು ಕಾದರು.

"ತಗೊಳ್ಳಿ," ಎಂದು ಅವರ ಕೈಗೆ ಕೊಟ್ಟೆ. "ನಂದು ಏನೂ ಇಲ್ಲ ಇದ್ರಲ್ಲಿ ಈಗ. ಕಂಪನಿಯವರು ಹಾಕಿರೋ ಢೋಲಕ್ ತಾಳ ಇದೆ. ಈ ಗುಂಡಿ ಒತ್ತಿದ್ರೆ ಶುರು, ಇದು ಒತ್ತಿದ್ರೆ ನಿಲ್ಲುತ್ತೆ."

ಹಾಗೆ ಹೇಳಿಕೊಟ್ಟೆ ಕೂಡ. ಅಷ್ಟು ಕೋಪದಲ್ಲೂ ಅವರಿಗೆ ತೊಂದರೆಯಾಗಬಾರದು ಎಂದು ಗುಂಡಿ ತೋರಿಸಿದೆ. ಮೇಡಂ ಕಣ್ಣಲ್ಲಿ ನೀರು ಬಂತು. "ನೀವು ಇಂಥ ಹೊತ್ತಲ್ಲಿ ಹೀಗ್ ಮಾಡ್ತೀರಾ ಅಂದ್ಕೊಂಡಿರ್ಲಿಲ್ಲ," ಎಂದು ವೈರು ಸುತ್ತಿಕೊಂಡು ಹೋದರು.

ಮುದುಕಿ ಕೇಳಿದರು, "ಎಲ್ಲಾ ಅಳಿಸಿಬಿಟ್ರೇನ್ರಿ?"

"ಹೂಂ."

"ಅವ್ರಿಗೇನೂ ಆಗಂಗಿಲ್ಲ ಬಿಡ್ರಿ." ಗೋಡೆಗೆ ತಟ್ಟುತ್ತಿದ್ದ ಬೆರಳನ್ನು ಮಡಿಚಿಕೊಂಡು ಹೇಳಿದರು, "ಆದ್ರ ನಾ ಕೇಳಾಕತ್ತಿದ್ದೆ."

"ಬನ್ನಿ, ಹೊರಗೆ ಹೋಗೋಣ," ಎಂದೆ. ಅವರು ತಲೆಯಲ್ಲಾಡಿಸಿ ಸ್ಟೂಲನ್ನು ಗೋಡೆಗೆ ಇನ್ನಷ್ಟು ಒತ್ತಿಕೊಂಡರು.

ಆ ಮನೆಯಿಂದ ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ, ಹಾಲಿನ ಮಧ್ಯದಿಂದ. ನಾನು ಕೈಚೀಲ ಎತ್ತಿಕೊಂಡು ಹೊರಟೆ. ಮೂವತ್ತು ಹೆಂಗಸರಾದರೂ ಇದ್ದರು, ರೇಷ್ಮೆ ಸೀರೆ, ಮಲ್ಲಿಗೆ, ಹಸಿರು ಬಳೆಯ ತಟ್ಟೆಗಳು. ಕಂಪನಿಯವರ ತಾಳ ಆಗಲೇ ಶುರುವಾಗಿತ್ತು. ಟಕ ಟಕ ಎಂದು ಒಂದೇ ಸಮ. ಮೇಡಂ ಅದಕ್ಕೆ ಸರಿಯಾಗಿಯೇ ಹಾಡುತ್ತಿದ್ದರು, ಎಲ್ಲರೂ ತಲೆದೂಗುತ್ತಿದ್ದರು. ನನ್ನ ತಾಳಕ್ಕೂ ಅದಕ್ಕೂ ವ್ಯತ್ಯಾಸ ಒಬ್ಬರ ಮುಖದಲ್ಲೂ ಕಾಣಲಿಲ್ಲ. ನಾನು ನಡೆಯುತ್ತಿದ್ದ ಹಾಗೆ ಯಾರೋ ಆರತಿ ತಟ್ಟೆಯನ್ನು ತಮ್ಮ ಮಡಿಲಿನ ಕಡೆ ಎಳೆದುಕೊಂಡರು. ಟೈಲರಮ್ಮ ಹಾಡುತ್ತಲೇ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಹಸೆಮಣೆಯ ಮೇಲಿದ್ದ ಹುಡುಗಿ ನನ್ನನ್ನು ಕಂಡಳು. ಕೆನ್ನೆಗೆ ಅರಿಶಿನ, ಕೈತುಂಬ ಬಳೆ. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ಅಡಿಗೆಮನೆಯ ಕಡೆಯಿಂದ ಬಂದವಳು ಎಂದಷ್ಟೇ. "ಆಂಟಿ, ಒಳಗೆ ನಮ್ಮಜ್ಜಿ ಇದಾರಾ?" ಎಂದು ಹಾಡಿನ ಮಧ್ಯೆಯೇ ಕೇಳಿದಳು. "ತಿಂಡಿ ತಿಂದ್ರಾ ಅವ್ರು? ಬೆಳಿಗ್ಗೆಯಿಂದ ಕಾಣಿಸ್ಲೇ ಇಲ್ಲ."

ನಾನು ನಿಂತೆ. ಮೂವತ್ತು ಜನ ನನ್ನನ್ನು ನೋಡುತ್ತಿದ್ದರು. ಮುಖಕ್ಕೆ ಅಡ್ಡ ಹಿಡಿಯಲು ಕೈಯಲ್ಲಿ ದಮ್ಮಡಿ ಇರಲಿಲ್ಲ.

"ನಿಮ್ಮಜ್ಜಿ ವಾಷಿಂಗ್ ಮೆಷಿನ್ ಪಕ್ಕ ಕೂತಿದಾರಮ್ಮ," ಎಂದೆ. "ನೀನೇ ಹೋಗಿ ಕೇಳು."

ಆ ಮಾತು ಆ ಹಾಲಿಗೆಲ್ಲ ಕೇಳಿಸುವಷ್ಟು ಜೋರಾಗಿ ಬಂತು. ಮೇಡಂ ಹಾಡು ನಿಲ್ಲಿಸಿದರು. ಮೆಷಿನ್ ಮಾತ್ರ ನಿಲ್ಲಲಿಲ್ಲ. ಹುಡುಗಿ ತನ್ನ ತಾಯಿಯ ಮುಖ ನೋಡಿದಳು, ತಾಯಿ ನೆಲ ನೋಡಿದರು.

ಅವಳು ಎದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಬಾಗಿಲ ಹೊರಗೆ ಚಪ್ಪಲಿಗಳ ರಾಶಿಯಲ್ಲಿ ನನ್ನದನ್ನು ಹುಡುಕುತ್ತಿದ್ದೆ. ಒಂದು ಸಿಕ್ಕಿತು, ಇನ್ನೊಂದು ಯಾರದೋ ಕೆಳಗೆ ಹೂತು ಹೋಗಿತ್ತು. ಅದನ್ನು ಎಳೆದು ತೆಗೆಯುವಷ್ಟು ಹೊತ್ತೂ ಒಳಗಿನಿಂದ ಆ ಟಕ ಟಕ ಬರುತ್ತಲೇ ಇತ್ತು, ಬಳೆಗಳ ಸದ್ದೂ ಬಂತು. ಬಳೆ ಸದ್ದು ಏಳುವವಳದೋ, ಕೂತಲ್ಲೇ ಕೈ ಸರಿಸಿಕೊಂಡವಳದೋ, ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.